ಕೆಂಪವ್ವನ ಐದು ಸುತ್ತು

ಕೌಜಲಗಿಯ ಕೆಂಪವ್ವನಿಗೆ ಇನ್ನೂ ಐದು ಸುತ್ತು ಕೂಲಿ ಬರಬೇಕಿದೆ. ರೂಪಾಯಿಯಲ್ಲ, ಆಣೆಯಲ್ಲ, ಸೇರು ಜೋಳವೂ ಅಲ್ಲ. ಸುತ್ತು. ಮೇಲೆ ಹೋಗಿ ಕೆಳಗೆ ಬರುವ ತಿರುಗು ತೊಟ್ಟಿಲಿನ ಸುತ್ತು. ೧೯೫೮ರ ಚಳಿಗಾಲದಲ್ಲಿ ಗೋಕಾಕದ ಪ್ರದರ್ಶನದ ಬಯಲಿನಲ್ಲಿ ಮೂರು ದಿನ ಉಸುಕು ಹೊತ್ತು ಅವಳು ಹನ್ನೆರಡು ಸುತ್ತು ಗಳಿಸಿದಳು. ಸಿಕ್ಕಿದ್ದು ಏಳು. ಉಳಿದ ಐದನ್ನು ನುಂಗಿದವನು ರಾಜಪ್ಪನೆಂಬ ತೊಟ್ಟಿಲಿನವನು.

ಕೆಂಪವ್ವ ಊರ ಹೊರಗಿನ ಕೇರಿಯವಳು. ಆಗ ಇಪ್ಪತ್ತನಾಲ್ಕರ ವಯಸ್ಸು, ಮಕ್ಕಳಿನ್ನೂ ಹುಟ್ಟಿರಲಿಲ್ಲ. ಕಂಡವರ ಹೊಲದಲ್ಲಿ ಕಳೆ ತೆಗೆಯುವುದು, ಶೇಂಗಾ ಕೀಳುವುದು, ಕಬ್ಬಿನ ಒಣಗರಿ ರವದಿ ಸುಲಿಯುವುದು ಅವಳ ಕೆಲಸ. ತೋಳು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಗಂಡ ಉದ್ದಪ್ಪನೂ ಕೂಲಿಯವನೇ. ಮೂರು ಪ್ರಶ್ನೆಗೆ ಒಂದು ಉತ್ತರ ಕೊಡುವವ. ಅತ್ತೆ ಕಾಡವ್ವ ಒಂದೂ ಪ್ರಶ್ನೆ ಕೇಳದೆ ಮೂರು ಉತ್ತರ ಕೊಡುವವಳು.

ಈ ಮೂವರ ನೆಮ್ಮದಿ ಕೆಡಿಸಿದವಳು ಶಂಕ್ರವ್ವ. ಕಳೆ ತೆಗೆಯುವ ಸಾಲಿನಲ್ಲಿ ಕೆಂಪವ್ವನ ಪಕ್ಕದ ಸಾಲಿನವಳು. ಹಿಂದಿನ ವರ್ಷದ ಪ್ರದರ್ಶನಕ್ಕೆ ಹೋಗಿ ತೊಟ್ಟಿಲಲ್ಲಿ ಕುಳಿತು ಬಂದಿದ್ದಳು. ಬಂದವಳು ಸುಮ್ಮನಿದ್ದಾಳೆಯೇ?

"ತುತ್ತತುದಿಗೆ ಹೋದಾಗ ನಮ್ಮ ಕೌಜಲಗಿ ಕಂಡ್ತು ನೋಡ. ನಮ್ಮ ಕೇರಿ ಬೇವಿನ ಗಿಡಾ ಕಂಡ್ತು. ಗಿಡದ ಬುಡಕ ನಿಮ್ಮತ್ತಿ ಕುಂತಿದ್ಲು."

"ಒಂಬತ್ತ ಹರದಾರಿಯಿಂದ ನಮ್ಮತ್ತಿ ಕಂಡ್ಲು?"

"ತಂಬಾಕ ಉಗಳಾಕತ್ತಿದ್ಲು."

ಒಂದು ವರ್ಷ ಪೂರ್ತಿ ಪ್ರತಿ ಸಾಲಿನಲ್ಲೂ ಇದೇ ಮಾತು. ಜೋಳದ ಹೊಲದಲ್ಲಿ ಬೇವಿನ ಗಿಡ, ಶೇಂಗಾ ಹೊಲದಲ್ಲಿ ಬೇವಿನ ಗಿಡ. ಸುಳ್ಳು ಅನ್ನೋಣವೆಂದರೆ ಕೆಂಪವ್ವ ಮೇಲೆ ಹೋದವಳಲ್ಲ. ಹೋಗಿ ಬಂದವಳ ಸುಳ್ಳಿಗೆ ಹೋಗದವಳ ಖರೆ ಯಾವ ಲೆಕ್ಕ? ಶೇಂಗಾ ಕಿತ್ತು ಮುಗಿದು, ಮುಂದಿನ ಕೆಲಸ ಸಿಗುವುದಕ್ಕೆ ಇನ್ನೂ ವಾರ ಇರುವಾಗ ಅವಳು ಗಂಡನಿಗೆ ಹೇಳಿದಳು: "ಗೋಕಾಕಕ್ಕ ಹೋಗೂಣು. ನಾ ತೊಟ್ಟಲಾ ಏರಿ ನೋಡಬೇಕು. ಅಕಿ ಸುಳ್ಳಿ ಆದ್ರ ಅಕಿ ಬಾಯಿ ಮುಚ್ಚಸ್ತೇನಿ. ಖರೆ ಆದ್ರ ನನ್ನ ಬಾಯಿ ಮುಚ್ಚತೇನಿ."

ಎರಡನೆಯದರ ಆಸೆಗೆ ಉದ್ದಪ್ಪ ಒಪ್ಪಿದ. "ಆ ಗಿಡದ ಬುಡಕ ನಾ ಅವತ್ತ ಕುಂತಿದ್ದೆನೋ ಇಲ್ಲೋ ನನಗ ನೆನಪಿಲ್ಲ. ನಾನೂ ಬರ್ತೇನಿ," ಎಂದು ಕಾಡವ್ವ ಬುಟ್ಟಿ ತುಂಬತೊಡಗಿದಳು.

ಇಳಿದುಕೊಳ್ಳಲು ಜಾಗ ಇತ್ತು. ಕೆಂಪವ್ವನ ತಮ್ಮ ಲಗಮಪ್ಪ ಧಬಧಬಿಯ, ಅಂದರೆ ಗೋಕಾಕ ಜಲಪಾತದ, ಹತ್ತಿರದ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಗೋಕಾಕ ಪೇಟೆ ದಾಟಿದ ಮೇಲೆ ಸಿಗುವ ಗಿರಣಿಯವರ ಚಾಳಿನಲ್ಲಿ ಅವನದೊಂದು ಖೋಲಿ. ಬುಧವಾರ ಮುಂಜಾನೆ ಬಸ್ಸಿಳಿದು ಮೂವರೂ ಅಲ್ಲಿಗೆ ಹೋದರು.

ಮೊದಲ ದಿನ ಜಲಪಾತ ನೋಡಿದರು. ಮಳೆಗಾಲದಲ್ಲಿ ಊರೇ ನಡುಗುವಂತೆ ಬೀಳುವ ನೀರು ಆ ಚಳಿಗಾಲದಲ್ಲಿ ಬಂಡೆಯ ಒಂದು ಮೂಲೆಯಲ್ಲಿ ಇಳಿಯುತ್ತಿತ್ತು. ಕಾಡವ್ವ ಕೈ ಅಡ್ಡ ಹಿಡಿದು ನೋಡಿದಳು. "ಇದನ್ನ ನೋಡಾಕ ಟಿಕೀಟ ತಗಸಿ ತಂದ್ರ್ಯಾ? ಗೌಡರ ಎಮ್ಮಿ ಇದಕ್ಕಿಂತ ಜೋರ ಹೊಯ್ತೈತಿ." ತೂಗು ಸೇತುವೆಯ ಮೇಲೆ ಉದ್ದಪ್ಪ ನಾಲ್ಕು ಹೆಜ್ಜೆ ಇಟ್ಟವನು ಐದನೆಯದನ್ನು ಮೊಣಕಾಲಲ್ಲಿ ಇಟ್ಟ. ಉಳಿದದ್ದನ್ನು ಹೊಟ್ಟೆಯ ಮೇಲೆ ದಾಟಿದ. ವಾಪಸ್ಸು ಬರಲು ಸುತ್ತಿನ ದಾರಿ ಎಲ್ಲಿದೆ ಎಂದು ಕಂಡ ಕಂಡವರನ್ನು ಕೇಳಿದ.

ತೊಂದರೆ ಶುರುವಾದದ್ದು ಖೋಲಿಯಲ್ಲಿ. ಅಲ್ಲಿ ಮೂರು ಚಾಪೆ, ಒಂಬತ್ತು ಜನ. ಒಂದೊಂದು ಚಾಪೆಗೆ ಮೂವರು ಯಜಮಾನರು. ಪಾಳಿ ಬದಲಿಸುವ ಗಿರಣಿಯ ಭೋಂಗಾ ಕೂಗಿತೆಂದರೆ ಮಲಗಿದ್ದವನು ಎದ್ದು ಗಿರಣಿಗೆ, ಗಿರಣಿಯಿಂದ ಬಂದವನು ಅದೇ ಚಾಪೆಗೆ. ಚಾಪೆಯ ಬಿಸಿ ಆರಿದ್ದನ್ನು ಯಾರೂ ಕಂಡಿರಲಿಲ್ಲ. ನೆಂಟರು ಬಂದರೆಂದು ಹುಡುಗರು ರಾತ್ರಿ ಹೊರಗಿನ ಕಟ್ಟೆಗೆ ಹೋದರು, ಅದೇನೋ ನಡೆಯಿತು. ಆದರೆ ಮುಂಜಾನೆ ಏಳಕ್ಕೆ ಭೋಂಗಾ ಕೂಗಿ ರಾತ್ರಿಪಾಳಿಯವರು ತಲೆ ತುಂಬ ಹತ್ತಿಯ ಹಿಂಜು ಅಂಟಿಸಿಕೊಂಡು, ಇಪ್ಪತ್ತಕ್ಕೇ ಮುದುಕರಾದವರಂತೆ ತೂರಾಡುತ್ತ ಬಂದರೆ, ನಡುವಿನ ಚಾಪೆಯ ಮೇಲೆ ಕಾಡವ್ವ ಕಾಲು ಚಾಚಿ ಕುಳಿತಿದ್ದಳು.

"ಅಜ್ಜಿ, ಭೋಂಗಾ ಆತು," ಎಂದ ಒಬ್ಬ.

"ಆಗ್ಲಿ ಬಿಡಪಾ. ನನಗೇನ ಅದು ಕೂಗಿದ್ದಲ್ಲ."

ಅವನಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಅಲ್ಲೇ ಉರುಳಿದ, ತಲೆ ಹೋಗಿ ಕಾಡವ್ವನ ತೊಡೆಯ ಮೇಲೆ ಬಿತ್ತು. ತೊಡೆಯ ಮೇಲೆ ತಲೆ ಬಿದ್ದರೆ ಕಾಡವ್ವನ ಕೈ ಸುಮ್ಮನಿರುವ ಕೈಯಲ್ಲ. ಹೇನೆಂದು ತಿಳಿದು ಹತ್ತಿಯ ಹಿಂಜನ್ನು ಒಂದೊಂದಾಗಿ ಆರಿಸಿ, ಎರಡು ಉಗುರಿನ ನಡುವೆ ಕುಕ್ಕತೊಡಗಿದಳು. "ಎಷ್ಟ ಅದಾವೋ ಯಪ್ಪಾ, ಸಾಯವಲ್ಲವು," ಎನ್ನುತ್ತ ಮೂರು ತಾಸು ಕುಳಿತಳು. ಅವನು ಹುಟ್ಟಿದಾಗಿನಿಂದ ಅಷ್ಟು ಚೆನ್ನಾಗಿ ಮಲಗಿರಲಿಲ್ಲ. ಬೇರೆ ಎರಡು ಚಾಪೆಗಳಲ್ಲಿ ಕೆಂಪವ್ವ, ಉದ್ದಪ್ಪ ಇದ್ದುದರಿಂದ ಉಳಿದಿಬ್ಬರು ಗೋಡೆಗೆ ಒರಗಿ ನಿಂತೇ ನಿದ್ದೆ ಮಾಡಿದರು. ಮಧ್ಯಾಹ್ನ ಮೂರರ ಭೋಂಗಾಕ್ಕೆ ಮತ್ತೆ ಮೂವರು ಬಂದರು. ಅವರಿಗೆ ಗೋಡೆಯೂ ಸಿಗಲಿಲ್ಲ.

ಶುಕ್ರವಾರ ಬೆಳಗ್ಗೆ ಲಗಮಪ್ಪ ಅಕ್ಕನ ಮುಂದೆ ಕೈ ಮುಗಿದ. "ಅಕ್ಕಾ, ನನ್ನ ಖೋಲಿ ಮಂದಿ ಮಶೀನ ಮುಂದ ನಿಂತ ತೂಕಡಸಾಕತ್ತಾರ. ಇನ್ನೊಂದ ದಿನ ನೀವು ಇದ್ರ ನನ್ನ ಧಬಧಬ್ಯಾಗ ಒಗೀತಾರ."

"ನೀರ ಇಲ್ಲ ತಗೋ, ಸಾಯೂದಿಲ್ಲ," ಎಂದಳು ಕಾಡವ್ವ.

"ಗೋಕಾಕ ಪೇಟ್ಯಾಗ ಹೊಳಿ ಕಡೆ ಒಂದ ಜೈನರ ಧರ್ಮಶಾಲಿ ಐತಿ. ಮೂರ ರಾತ್ರಿ ಇರಾಕ ಬಿಡ್ತಾರಂತ. ಪ್ರದರ್ಶನದ ಬಯಲು ಬಾಜೂಕ ಐತಿ. ಅಲ್ಲಿ ಕೇಳಿ ನೋಡ್ರಿ."

ಕಳುಹಿಸುವ ಸಂಕೋಚಕ್ಕೆ ಗೋಡೆಯ ಮೇಲಿದ್ದ ಪಟವನ್ನು ತೆಗೆದು ಕಾಡವ್ವನ ಕೈಗೆ ಕೊಟ್ಟ. ಎರಡು ವರ್ಷದ ಹಿಂದೆ ಚಾಳಿನ ಎಷ್ಟೋ ಹುಡುಗರು ಬುದ್ಧನನ್ನು ಒಪ್ಪಿಕೊಂಡಾಗ ಅವನೂ ಒಪ್ಪಿಕೊಂಡು ತಂದ ಪಟ. ಕಣ್ಣು ಮುಚ್ಚಿ ಕುಳಿತ ಬುದ್ಧ. ಕಾಡವ್ವ ಅದನ್ನು ಬುಟ್ಟಿಯ ಮೇಲೆ ಇಟ್ಟುಕೊಂಡು, "ಈ ಮನ್ಯಾಗ ಇವನೊಬ್ಬಾವ ನೆಟ್ಟಗ ಕುಂತಿದ್ದ," ಎಂದು ಹೊರಟಳು.

ಧರ್ಮಶಾಲೆಯ ವ್ಯವಸ್ಥೆ ನೋಡುತ್ತಿದ್ದವರು ಬಾಪುಸಾಹೇಬ ಎಂಬ ಹಿರಿಯರು. ಸಣಕಲು ದೇಹ, ಬಿಳಿ ಟೋಪಿ, ಕಟ್ಟುನಿಟ್ಟು. ಮುರಿದ ಕನ್ನಡಕವನ್ನು ಬೆಸುಗೆಗೆ ಕೊಟ್ಟಿದ್ದರಿಂದ ಆ ದಿನಗಳಲ್ಲಿ ಅವರಿಗೆ ಮನುಷ್ಯರೆಲ್ಲ ಮಂಜಿನಲ್ಲಿ ನಿಂತಂತೆ ಕಾಣುತ್ತಿದ್ದರು. ಆದರೆ ಬಂದವರು ಎಂಥವರೆಂದು ತಿಳಿಯಲು ತಮಗೆ ಕಣ್ಣು ಬೇಡ, ನಾಲ್ಕು ಪ್ರಶ್ನೆ ಸಾಕು ಎಂಬುದು ಅವರ ಹೆಮ್ಮೆ. ಪುಸ್ತಕ ತೆರೆದು ಮೂಗಿಗೆ ಹಚ್ಚಿಕೊಂಡು ಕೇಳಿದರು.

"ಯಾವೂರವ್ರಿ?"

"ಕೌಜಲಗಿರಿ," ಎಂದ ಉದ್ದಪ್ಪ.

"ಹೊತ್ತ ಮುಳುಗಿದ ಮ್ಯಾಲ ಉಣ್ಣೂ ಪೈಕಿ ಏನು ನೀವು?"

"ಎಲ್ಲಿ ಊಟಾರಿ. ಮಧ್ಯಾಹ್ನ ಒಂದಿಷ್ಟ ಆದ್ರ ಮುಗೀತು. ಹೊತ್ತ ಮುಳುಗೂದ್ರಾಗ ನೀರ ಕುಡದ ಬಿದ್ಕೋತೇವಿ."

"ಚಿಮಣಿ ದೀಪಾ ಹಚ್ಚಿ ಉಣ್ಣೂದಿಲ್ಲ?"

"ಚಿಮಣಿ ಹಚ್ಚೂದ ಇಲ್ರಿ."

ಬಾಪುಸಾಹೇಬರು ತಲೆದೂಗಿ ಬರೆದುಕೊಂಡರು. "ಉಳ್ಳಾಗಡ್ಡಿ, ಬಟಾಟಿ? ನೆಲದಾಗಿನ ಗಡ್ಡಿ ತಿಂತೀರೇನು?"

ಈಗ ಕೆಂಪವ್ವ ಬಾಯಿ ಹಾಕಿದಳು. "ನೆಲದಾಗಿಂದ ಕಿತ್ತ ಕೊಡ್ತೇವ್ರಿ, ಒಂದೂ ಬಾಯಿಗಿ ಇಡೂದಿಲ್ಲ."

"ನೀರು?"

"ಸೆರಗಿಲೆ ಸೋಸಿ ಕುಡೀತೇವ್ರಿ. ನಮ್ಮ ಹಳ್ಳದ ನೀರಾಗ ಹುಳಾ ಅದಾವು."

"ಭೇಷ್. ಹುಳಾ ಸಾಯಬಾರದು ಅಂತ."

"ಹುಳಾ ಅಲ್ರಿ, ನಾವು ಸಾಯಬಾರದು ಅಂತ," ಎಂದಳು ಕಾಡವ್ವ.

"ಎರಡೂ ಒಂದ ಅಲ್ರೀ ಅಜ್ಜಿ! ಜೀವ ಯಾರದಾದ್ರೇನು?" ಬಾಪುಸಾಹೇಬರಿಗೆ ಖುಷಿಯಾಯಿತು. "ಉಪಾಸ ಎಷ್ಟ ಹಿಡೀತೀರಿ?"

"ತಿಂಗಳಿಗಿ ಆರು ಏಳು ಆಗ್ತಾವ್ರಿ."

ಲೇಖನಿ ನಿಂತಿತು. ಅವರು ಸ್ವತಃ ಹಿಡಿಯುತ್ತಿದ್ದದ್ದು ನಾಲ್ಕು. "ಯಾವ ತಿಥಿಗಿ?"

"ತಿಥಿ ಗಿಥಿ ಇಲ್ರಿ. ಬಂದಾಗ ಮಾಡೂದು."

ಇನ್ನು ಕೇಳಲು ಏನೂ ಉಳಿಯಲಿಲ್ಲ. ಅಷ್ಟರಲ್ಲಿ ಬುಟ್ಟಿಯ ಮೇಲೆ ಕಣ್ಣು ಮುಚ್ಚಿ ಕುಳಿತ ಪಟ ಮಂಜು ಮಂಜಾಗಿ ಕಂಡಿತು. ಬಾಪುಸಾಹೇಬರು ತೀರ್ಥಂಕರರೆಂದುಕೊಂಡು ಎದ್ದು ನಿಂತು ಅದಕ್ಕೆ ಕೈ ಮುಗಿದರು. ಕೈ ಮುಗಿದದ್ದು ತಮಗೇ ಎಂದು ತಿಳಿದು ಉದ್ದಪ್ಪ ನೆಲಕ್ಕೆ ಬಾಗಿದ.

ಒಬ್ಬರೂ ಒಂದು ಸುಳ್ಳು ಹೇಳಿರಲಿಲ್ಲ. ಕೇರಿ ಯಾವುದೆಂದು ಕೇಳಿದ್ದರೆ ಕೆಂಪವ್ವ ಅದನ್ನೂ ಹೇಳಿ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು. ಕೇಳಲಿಲ್ಲ. ಕನ್ನಡಕ ಇಲ್ಲದವರಿಗೆ ಹಸಿವೂ ವ್ರತವೂ ಒಂದೇ ಥರ ಕಾಣುತ್ತವೆ.

ಕೋಣೆ ಸಿಕ್ಕಿತು. ಮೂವರಿಗೆ ಮೂರು ಚಾಪೆ, ಒಂದಕ್ಕೂ ಎರಡನೇ ಯಜಮಾನನಿಲ್ಲ. ಕಾಡವ್ವ ಒಂದೊಂದರ ಮೇಲೂ ಸ್ವಲ್ಪ ಹೊತ್ತು ಮಲಗಿ ನೋಡಿದಳು. ಧರ್ಮಶಾಲೆಗೆ ನೇಮ ಎರಡೇ: ಹೊತ್ತು ಮುಳುಗಿದ ಮೇಲೆ ತಿಂದವರು ಹೊರಗೆ, ದೀಪ ಹಚ್ಚುವ ಹೊತ್ತಿಗೆ ಬಾಗಿಲಿಗೆ ಅಗಳಿ, ಆಮೇಲೆ ಬಂದವರು ಬಯಲಿಗೆ.

ಮಧ್ಯಾಹ್ನ ಮೂವರೂ ಪ್ರದರ್ಶನಕ್ಕೆ ಹೋದರು. ಸರಕಾರದ ಒಕ್ಕಲುತನದ ಪ್ರದರ್ಶನ. ಬಾಗಿಲಲ್ಲೇ ಒಂದು ಮೇಜಿನ ಮೇಲೆ ಕೂಸಿನಷ್ಟು ದೊಡ್ಡ ಕುಂಬಳಕಾಯಿ. ಪಕ್ಕದ ಚೀಟಿಯಲ್ಲಿ ಬೆಳೆದವರ ಹೆಸರು. ಅಕ್ಷರ ಬಲ್ಲ ಒಬ್ಬರು ಓದಿ ಹೇಳಿದರು: ಕೌಜಲಗಿಯ ಗೌಡರದು.

"ಅಯ್ಯ, ಇದರ ಬಳ್ಳಿಗಿ ಕೊಡದ್ಲೆ ನೀರ ಹಾಕಿದ್ದು ನಾನು!" ಎಂದು ಕೆಂಪವ್ವ ಅದರ ಬೆನ್ನು ತಟ್ಟಿದಳು.

"ಕೈ ಹಚ್ಚಬ್ಯಾಡ," ಎಂದ ಕಾವಲಿನವ.

"ಇಷ್ಟ ದಿನಾ ಹಚ್ಚಿದ್ದು ಮತ್ತೇನ ಕಾಲೇನು?"

ಅದರಾಚೆ ನಿಂತಿತ್ತು ತೊಟ್ಟಿಲು. ಕಟ್ಟಿಗೆಯ ದೊಡ್ಡ ಗಾಲಿ, ಎಂಟು ಪೆಟ್ಟಿಗೆ. ಎಣ್ಣೆ ಎಂಜಿನ್ನು ಇಲ್ಲ. ಇಬ್ಬರು ಆಳುಗಳು ದೂಡಿ, ಜೋತು ಬಿದ್ದು ತಿರುಗಿಸಬೇಕು. ತಲೆಗೆ ನಾಲ್ಕಾಣೆ. ಮೂರು ತಲೆಗೆ ಆದ ಮೊತ್ತ ಕೆಂಪವ್ವನ ಒಂದು ದಿನದ ಕೂಲಿಗಿಂತ ಹೆಚ್ಚು. ಬಸ್ಸಿನ ಚಾರ್ಜು ಬಿಟ್ಟು ಅವಳ ಸೆರಗಿನ ಗಂಟಿನಲ್ಲಿ ಇದ್ದದ್ದು ಮೂರಾಣೆ.

ಅವಳು ತೊಟ್ಟಿಲಿನ ಯಜಮಾನ ರಾಜಪ್ಪನನ್ನು ಹಿಡಿದಳು. ಅವನು ಗಾಲಿ ಸಮ ತೂಗುವುದೋ ಇಲ್ಲವೋ ನೋಡಲು ಪ್ರತಿ ಮಧ್ಯಾಹ್ನ ಪೆಟ್ಟಿಗೆಗಳಲ್ಲಿ ಉಸುಕಿನ ಚೀಲ ಇಟ್ಟು ತಿರುಗಿಸುತ್ತಿದ್ದ. ಹೊಳೆಯಿಂದ ಉಸುಕು ಹೊರುವವಳು ಹಿಂದಿನ ದಿನ ಬಿಟ್ಟು ಹೋಗಿದ್ದಳು.

"ನಾ ಹೊರ್ತೇನಿ. ರೊಕ್ಕಾ ಬ್ಯಾಡ, ಸುತ್ತ ಕೊಡು," ಎಂದಳು ಕೆಂಪವ್ವ.

"ಎಷ್ಟ?"

"ಒಂದ ಸಲ ಕುಂತ್ರ ಎಷ್ಟ ತಿರಗಸ್ತಿ?"

"ಹನ್ನೆರಡ."

"ಹಂಗಾರ ಮೂರ ದಿನಕ್ಕ ಮೂರ ಮಂದಿಗಿ ಹನ್ನೆರಡ. ಹನ್ನೊಂದಲ್ಲ."

"ಆತ ಬಿಡ ಬಾಯಿ. ರವಿವಾರ ಸಂಜೀಕ ಕುಂಡ್ರು. ಪೆಟ್ರೋಮ್ಯಾಕ್ಸ್ ಹಚ್ಚಿದ ಮ್ಯಾಲನ ಶುರು, ಅದಕ್ಕಿಂತ ಮೊದಲ ಮಂದಿ ಬರೂದಿಲ್ಲ."

ಇಲ್ಲಿ ಸಿಕ್ಕು ಬಿತ್ತು. ಬಯಲಿನಲ್ಲಿ ದೀಪ ಹಚ್ಚಿದರೆ ತೊಟ್ಟಿಲು ಶುರು. ಧರ್ಮಶಾಲೆಯಲ್ಲಿ ದೀಪ ಹಚ್ಚಿದರೆ ಅಗಳಿ. ಎರಡೂ ಕಡೆ ಹೊತ್ತು ಮುಳುಗುವುದು ಒಂದೇ ಸಲ. ಹಾಸಿಗೆ ಬೇಕೋ ಬೇವಿನ ಗಿಡ ಬೇಕೋ? ಉಸುಕಿನ ಬುಟ್ಟಿ ಹೊತ್ತು ದಂಡೆ ಹತ್ತುತ್ತ ಕೆಂಪವ್ವ ಮೂರು ದಿನ ಇದನ್ನೇ ಯೋಚಿಸಿದಳು. ಕಣ್ಣ ಮುಂದೆ ಬಂದದ್ದು ಹಾಸಿಗೆಯಲ್ಲ, ಶಂಕ್ರವ್ವನ ಬಾಯಿ.

ಈ ನಡುವೆ ಧರ್ಮಶಾಲೆಯಲ್ಲಿ ಅವರ ಕೀರ್ತಿ ಬೆಳೆಯುತ್ತಿತ್ತು. ಎದುರು ಕೋಣೆಯಲ್ಲಿ ಹುಕ್ಕೇರಿಯ ಬೆಲ್ಲದ ವ್ಯಾಪಾರಿ ಬಾಬಾಸಾಹೇಬ, ಹೆಂಡತಿ ಜಿನ್ನವ್ವನೊಡನೆ ಇಳಿದಿದ್ದರು. ಬಾಬಾಸಾಹೇಬರು ಆರು ಮಣದ ಆಸಾಮಿ. ಅವರು ಕೂತ ಬೆಂಚಿನ ಇನ್ನೊಂದು ತುದಿ ಏಳುತ್ತಿತ್ತು. ಬಾಪುಸಾಹೇಬರು ದಿನಾ ಮುಂಜಾನೆ ಅಂಗಳದಲ್ಲಿ ಅವರನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದರು: "ಸಾವುಕಾರ್ರ, ಆ ಕೌಜಲಗಿಯವ್ರನ್ನ ನೋಡ್ರಿ. ನಿನ್ನಿ ಇಡೀ ದಿನಕ್ಕ ಒಂದ ರೊಟ್ಟಿ ಮೂರ ಮಂದಿ! ಇದಕ್ಕ ಅಂತಾರ ತಪಸ್ಸು. ನೀವು ನಿನ್ನಿ ಮೂರ ಸಲ ಉಂಡ್ರಿ."

"ಎರಡ ಸಲರಿ. ಮೂರನೇದ ಬರೇ ಅವಲಕ್ಕಿ," ಎನ್ನುತ್ತಿದ್ದರು ಬಾಬಾಸಾಹೇಬರು, ಕೌಜಲಗಿಯವರ ಬಾಗಿಲ ಕಡೆ ಉರಿಗಣ್ಣು ಬಿಟ್ಟು.

ಜಿನ್ನವ್ವ ಮಾತ್ರ ನಿಜವಾದ ನೇಮದವಳು, ಮನಸ್ಸಿನಿಂದ ಮೆತ್ತಗಿನವಳು. ಶನಿವಾರ ಹೊತ್ತು ಇರುವಾಗಲೇ ಬಂದು ಕಾಡವ್ವನ ಮುಂದೆ ಬೆಲ್ಲದ ತುಂಡಿಟ್ಟಳು. "ಅಜ್ಜಿ, ಇಷ್ಟ ಕಠಿಣ ಬ್ಯಾಡ್ರಿ. ವಯಸ್ಸಾಗೇತಿ. ಇವತ್ತೊಂದಿನ ನೇಮ ಬಿಡ್ರಿ."

"ನೀವ ಇಷ್ಟ ಅಂತೀರಂದ್ರ ಬಿಡ್ತೇನವ್ವಾ," ಎಂದು ಕಾಡವ್ವ ನೇಮ ಬಿಟ್ಟಳು. ತುಂಡು ದೊಡ್ಡದಿತ್ತು, ನಾಳೆಯ ನೇಮವನ್ನೂ ಸೇರಿಸಿ ಬಿಟ್ಟಳು.

ರವಿವಾರ ಬಂತು. ಪ್ರದರ್ಶನದ ಕೊನೆಯ ದಿನ. ಹೊತ್ತು ಮುಳುಗಿತು, ಬಯಲಿನಲ್ಲಿ ಪೆಟ್ರೋಮ್ಯಾಕ್ಸುಗಳು ಭುಸ್ ಎಂದು ಹತ್ತಿದವು. "ಅಗಳಿ ಬಿದ್ರ ಬೀಳ್ಲಿ. ಗೋಡಿ ಬಾಜೂಕ ಬಿದ್ಕೊಂಡ್ರಾತು," ಎಂದು ಕೆಂಪವ್ವ ಗಂಡನ ರಟ್ಟೆ ಹಿಡಿದು ಪೆಟ್ಟಿಗೆಗೆ ಹತ್ತಿಸಿದಳು. ಸೇತುವೆಯ ನೆನಪಿನಿಂದ ಉದ್ದಪ್ಪ ಕೂಡುವುದಕ್ಕೆ ಮೊದಲೇ ಕಣ್ಣು ಮುಚ್ಚಿದ್ದ. ಕಾಡವ್ವ ನಡುವೆ ಕುಳಿತು ಎರಡೂ ಕೈಯಿಂದ ಸೊಸೆಯ ಜಡೆ ಹಿಡಿದುಕೊಂಡಳು.

ತಮ್ಮ ಪೆಟ್ಟಿಗೆಗೆ ನೇರ ಎದುರಿನ ಪೆಟ್ಟಿಗೆ ಕಿರುಗುಟ್ಟಿತು. ಕೆಂಪವ್ವ ತಿರುಗಿ ನೋಡಿದರೆ ಬಾಬಾಸಾಹೇಬರು! ಪಕ್ಕದಲ್ಲಿ ಜಿನ್ನವ್ವ, ಹೆದರಿಕೆಗೆ ಮುಖ ಸೆರಗಿನಲ್ಲಿ ಮುಚ್ಚಿಕೊಂಡು. ಬಾಬಾಸಾಹೇಬರ ಮಡಿಲಲ್ಲಿ ಕಾಗದದ ಪೊಟ್ಟಣ. ಅದರಲ್ಲಿ ಬಿಸಿ ಬಿಸಿ ಉಳ್ಳಾಗಡ್ಡಿ ಭಜಿ. ವಾಸನೆ ಕೆಳಗಿನ ಅಂಗಡಿಯದೆಂದು ಜಿನ್ನವ್ವ ನಂಬಿದ್ದಳು.

ಮೂರು ದಿನ ತೂಕ ಹೊತ್ತವಳಿಗೆ ತೂಕದ ಬುದ್ಧಿ ಬಂದಿರುತ್ತದೆ. "ಏ ರಾಜಪ್ಪಾ," ಎಂದು ಕೆಂಪವ್ವ ಕೂಗಿದಳು, "ಈ ಕಡೆ ಎರಡ ಚೀಲಾ ಉಸುಕ ಇಡು. ಸಾವುಕಾರ ಆರ ಮಣಾ ಅದಾರ. ನಾವ ಮೂರೂ ಮಂದಿ ಕೂಡಿ ಅವರ ಒಂದ ಕಾಲಿಗೆ ಸಮ ಆಗೂದಿಲ್ಲ."

"ಚೀಲಾ ಇಟ್ರ ಆ ಜಾಗಾದ ನಾಲ್ಕಾಣೆ ನೀ ಕೊಡ್ತ್ಯಾ? ಸುಮ್ಮ ಕುಂಡ್ರು," ಎಂದ ರಾಜಪ್ಪ. ಆಳುಗಳು ದೂಡಿದರು.

ಮೊದಲ ಸುತ್ತಿನಲ್ಲಿ ಕೆಂಪವ್ವನಿಗೆ ಏನೂ ಕಾಣಲಿಲ್ಲ; ಅತ್ತೆ ಜಡೆ ಜಗ್ಗಿದ್ದರಿಂದ ಮುಖ ಆಕಾಶಕ್ಕಿತ್ತು. ಎರಡನೆಯದರಲ್ಲಿ ಹೊಳೆ ಕಂಡಿತು. ಮೂರರಲ್ಲಿ ಪೇಟೆಯ ದೀಪ. ಪ್ರತಿ ಸಲ ಬಾಬಾಸಾಹೇಬರು ಕೆಳಗಿನಿಂದ ಮೇಲೇರುವಾಗ ಆಳುಗಳು "ಯಪ್ಪಾ" ಎನ್ನುತ್ತಿದ್ದರು. ಐದಕ್ಕೆ ಅವ್ವನನ್ನೂ ಕರೆದರು. ಏಳನೆಯ ಸುತ್ತಿಗೆ ಇಬ್ಬರೂ ನೆಲಕ್ಕೆ ಕುಳಿತುಬಿಟ್ಟರು. ಗಾಲಿ ಹಿಂದಕ್ಕೂ ಮುಂದಕ್ಕೂ ಎರಡು ಸಲ ತೂಗಿ, ಭಾರ ಎಲ್ಲಿರಬೇಕೋ ಅಲ್ಲಿ ನಿಂತಿತು. ಬಾಬಾಸಾಹೇಬರು ತಳಕ್ಕೆ. ಕೆಂಪವ್ವ ತುತ್ತತುದಿಗೆ.

"ಯಾರೂ ಇಳೀಬ್ಯಾಡ್ರಿ!" ಎಂದು ರಾಜಪ್ಪ ಬೊಬ್ಬೆ ಹಾಕಿದ. "ಸಾವುಕಾರ್ರ, ನೀವು ಇಳದ್ರ ಮ್ಯಾಲಿನವ್ರು ರಪ್ಪಂತ ಕೆಳಗ ಬರ್ತಾರ!"

ಅದೇ ಹೊತ್ತಿಗೆ ಮಂದಿಯ ನಡುವೆ ಒಂದು ಕಂದೀಲು ಓಲಾಡುತ್ತ ಬಂತು. ಅಗಳಿ ಹಾಕುವ ಹೊತ್ತಾದರೂ ಮಾದರಿ ಕುಟುಂಬ ಬಂದಿಲ್ಲವೆಂದು, ಉಪವಾಸದಿಂದ ಎಲ್ಲಿ ಬವಳಿ ಬಂದು ಬಿದ್ದಿದ್ದಾರೋ ಎಂಬ ಚಿಂತೆಯಿಂದ, ಬಾಪುಸಾಹೇಬರು ಹುಡುಕಿಕೊಂಡು ಹೊರಟಿದ್ದರು. ಕಂದೀಲು ಎತ್ತಿ ಹಿಡಿದ ಕಡೆ ಮೊದಲು ಬೆಳಗಿದ್ದು ಬಾಬಾಸಾಹೇಬರ ಮುಖ. ಕೆನ್ನೆ ಉಬ್ಬಿತ್ತು. ಕಾಣದಿದ್ದರೇನು, ಮೂಗು ಬೆಸುಗೆಗೆ ಹೋಗಿರಲಿಲ್ಲವಲ್ಲ.

"ಸಾವುಕಾರ್ರ... ಉಳ್ಳಾಗಡ್ಡಿ?"

ನುಂಗಿದರೆ ಗಂಟಲು ಸುಡುತ್ತದೆ, ಉಗುಳಿದರೆ ಮಾನ ಹೋಗುತ್ತದೆ, ಇಳಿದು ಓಡಿದರೆ ಮೂರು ಜೀವ ಬೀಳುತ್ತವೆ. ಬಾಬಾಸಾಹೇಬರು ನುಂಗಿದರು. ಕಣ್ಣಲ್ಲಿ ನೀರು ಬಂತು. ಜಿನ್ನವ್ವ ಸೆರಗು ಸರಿಸಿ ಪೊಟ್ಟಣ ನೋಡಿದಳು. ಆ ನೋಟಕ್ಕೆ ಬಾಪುಸಾಹೇಬರೂ ಒಂದು ಹೆಜ್ಜೆ ಹಿಂದೆ ಸರಿದರು.

"ನನಗ ಯಾಕ ಕೇಳ್ತೀರಿ?" ಎಂದು ಬಾಬಾಸಾಹೇಬರು ಮೇಲಕ್ಕೆ ಬೆರಳು ತೋರಿಸಿದರು. "ನಿಮ್ಮ ತಪಸ್ವಿಗಳೂ ಅಲ್ಲೇ ಅದಾರ. ಅವರೇನ ತಿಂದಾರೋ ಕೇಳ್ರಿ!"

ಬಾಪುಸಾಹೇಬರು ಕಂದೀಲನ್ನು ಆಕಾಶಕ್ಕೆತ್ತಿದರು. "ಕೆಂಪವ್ವಾ! ಏನರೆ ತಿಂದೀರೇನು?"

"ಗಾಳಿ ತಿಂದೇವ್ರಿ!"

"ಹೊತ್ತ ಮುಳುಗಿದ ಮ್ಯಾಲ?"

"ಗಾಳಿಗೂ ಅಗಳಿ ಐತೇನ್ರಿ?"

ಬಯಲಿನ ಮಂದಿಯೆಲ್ಲ ನಕ್ಕರು. ಕೆಂಪವ್ವನಿಗೆ ಆ ಕಡೆ ಲಕ್ಷ್ಯವಿರಲಿಲ್ಲ. ತುತ್ತತುದಿಯಲ್ಲಿ, ನಿಂತ ತೊಟ್ಟಿಲಿನಲ್ಲಿ, ಬೇಕಾದಷ್ಟು ಹೊತ್ತು ಅವಳು ಮೂಡಲ ದಿಕ್ಕಿಗೆ ಕಣ್ಣು ಕಿರಿದು ಮಾಡಿ ನೋಡಿದಳು. ಕತ್ತಲೆ. ಕತ್ತಲೆಯ ಆಚೆ ಇನ್ನಷ್ಟು ಕತ್ತಲೆ. ಕೌಜಲಗಿ ಇಲ್ಲ,  ಬೇವಿನ ಗಿಡ ಇಲ್ಲ.

"ಅತ್ತಿ! ಶಂಕ್ರವ್ವ ಸುಳ್ಳಿ!" ಎಂದು ಪೆಟ್ಟಿಗೆ ಅಲುಗುವಂತೆ ಕೇಕೆ ಹಾಕಿದಳು.

"ಇರ್ಲಿ ಬಿಡ. ನಾನು ಇಲ್ಲೇ ಇದ್ದೇನಲ್ಲ, ಗಿಡದ ಬುಡಕ ಹೆಂಗ ಕಾಣ್ಲಿ," ಎಂದಳು ಕಾಡವ್ವ, ಜಡೆ ಬಿಡದೆ.

ಇಳಿಯುವ ಉಪಾಯವನ್ನೂ ಕೆಂಪವ್ವನೇ ಹೇಳಬೇಕಾಯಿತು. "ಸಾವುಕಾರ್ರ ಬಾಜೂಕ ಒಂದೊಂದ ಚೀಲಾ ಇಡ್ರಿ. ಹೂಂ, ಇನ್ನೊಂದ. ಮೂಲ್ಯಾಗಿನ ಚೀಲಾ ಬ್ಯಾಡ, ಅದು ಹಸಿ ಉಸುಕು, ಭಾರ. ಈಗ ಅವರನ್ನ ಮೆಲ್ಲಕ ಇಳಸ್ರಿ." ಆರು ಮಣದ ಬಾಬಾಸಾಹೇಬರ ಜಾಗಕ್ಕೆ ಆರು ಮಣ ಉಸುಕು ಕುಳಿತಿತು. ಗಾಲಿ ಅಲುಗಲಿಲ್ಲ. ಆಮೇಲೆ ಜಿನ್ನವ್ವನನ್ನೂ ಇಳಿಸಿ, ಚೀಲ ಕಡಿಮೆ ಮಾಡುತ್ತ, ಗಾಲಿಯನ್ನು ಗೇಣು ಗೇಣಾಗಿ ತಿರುಗಿಸುತ್ತ ಕೆಂಪವ್ವನ ಪೆಟ್ಟಿಗೆಯನ್ನು ನೆಲಕ್ಕೆ ತಂದರು. ಇಳಿದವಳು ನೇರ ರಾಜಪ್ಪನ ಮುಂದೆ ನಿಂತಳು.

"ಏಳ ಆದ್ವು. ಇನ್ನ ಐದ."

"ಆಳುಗಳ ರಟ್ಟಿ ಕಳಚ್ಯಾವ ಬಾಯಿ. ನಾಳಿ ಮುಂಜಾನೆ ಗಾಲಿ ಬಿಚ್ಚತೇನಿ. ಮುಂದಿನ ವರ್ಷ ಬಾ, ಕೊಡ್ತೇನಿ."

"ಚೀಲಾ ಇಡು ಅಂದಿದ್ದಿಲ್ಲ ನಾ?"

ರಾಜಪ್ಪ ಭಜಿ ಅಂಗಡಿಯ ಕಡೆ ಮುಖ ತಿರುಗಿಸಿದ.

ಧರ್ಮಶಾಲೆಗೆ ವಾಪಸ್ಸು ಬರುವಾಗ ಬಾಪುಸಾಹೇಬರ ಪಾಡು ಹೇಳತೀರದು. ನೇಮದ ಪ್ರಕಾರ ತಿಂದವರು ಹೊರಗೆ. ಆದರೆ ಧರ್ಮಶಾಲೆಯ ಬಾಗಿಲ ಕಲ್ಲಿನ ಮೇಲೆ ಬಾಬಾಸಾಹೇಬರ ಅಪ್ಪನ ಹೆಸರು ಕೆತ್ತಿತ್ತು. ತಡವಾಗಿ ಬಂದವರು ಬಯಲಿಗೆ. ಆದರೆ ತಡವಾಗಿ ಬರುತ್ತಿದ್ದವರಲ್ಲಿ ಬಾಪುಸಾಹೇಬರೂ ಒಬ್ಬರು. ಕೊನೆಗೆ ಅಗಳಿಯ ಮುಂದೆ ನಿಂತು, "ಕತ್ತಲ ಇತ್ತು. ನನ್ನ ಕನ್ನಡಕ ಇರಲಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡು ಎಲ್ಲರನ್ನೂ ಒಳಗೆ ಬಿಟ್ಟರು. ಬಾಬಾಸಾಹೇಬರನ್ನು ಮಾತ್ರ ಜಿನ್ನವ್ವ ಕೋಣೆಗೆ ಬಿಡಲಿಲ್ಲ. ಅವರು ಅಂಗಳದ ಬೆಂಚಿನ ಮೇಲೆ ಮಲಗಿದರು.

ಮರುದಿನ ಮುಂಜಾನೆ ಕನ್ನಡಕ ಬಂತು. ಹೊರಡಲು ಸಿದ್ಧವಾಗಿ ನಿಂತ ಕೌಜಲಗಿಯವರನ್ನು ಬಾಪುಸಾಹೇಬರು ಮೊದಲ ಬಾರಿಗೆ ಸರಿಯಾಗಿ ನೋಡಿದರು. ಹರಕು ಸೆರಗು ನೋಡಿದರು, ಬಿರಿದ ಹಿಮ್ಮಡಿ ನೋಡಿದರು. ಬುಟ್ಟಿಯ ಮೇಲಿನ ಪಟ ನೋಡಿ ಬೆಚ್ಚಿದರು.

"ಅಜ್ಜಿ! ಇವರು ಅರಿವಿ ಹೊದ್ದಾರಲ್ರಿ!"

"ಥಂಡಿ ದಿನಾ ಅಲ್ರಿ," ಎಂದಳು ಕಾಡವ್ವ.

"ನೀವು... ಯಾರ ಪೈಕಿ?"

"ಊರ ಹೊರಗಿನ ಕೇರಿಯವ್ರಿ," ಎಂದಳು ಕೆಂಪವ್ವ. "ನೀವು ಕೇಳಿದ್ದಿಲ್ಲ."

ಬಾಪುಸಾಹೇಬರು ಪುಸ್ತಕ ತೆರೆದರು. ರಾತ್ರಿ ಊಟವಿಲ್ಲ. ಗಡ್ಡೆ ಇಲ್ಲ. ಸೋಸಿದ ನೀರು. ತಿಂಗಳಿಗೆ ಆರೇಳು ಉಪವಾಸ. ಹೊಡೆದು ಹಾಕೋಣವೆಂದರೆ ಒಂದು ಅಕ್ಷರವೂ ಸುಳ್ಳಿಲ್ಲ. ಲೇಖನಿ ಎತ್ತಿದವರು ಹಾಗೇ ಕೆಳಗಿಟ್ಟರು. "ಬರದದ್ದು ಖರೆ ಐತಿ," ಎಂದು ಪುಸ್ತಕ ಮುಚ್ಚಿದರು. "ಇವತ್ತ ಹೊಂಟೀರಲ್ಲಾ?"

"ಹೊಂಟೇವ್ರಿ."

"ಹೋಗ್ರಿ ಹಂಗಾರ."

ಬರ್ರಿ ಎನ್ನಲಿಲ್ಲ. ಅವರು ಹೋದ ಮೇಲೆ ಕೋಣೆ ತೊಳೆಸಿದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕೆಂಪವ್ವನನ್ನು ಕೇಳಿದರೆ ಒಂದೇ ಮಾತು: "ತೊಳಸಿದ್ರ ಚಲೋನ ಆತು. ನಾ ಕಸಾ ಹೊಡೀದ ಬಂದಿದ್ದೆ."

ಊರಿಗೆ ಬಂದವಳು ಮನೆಗೂ ಹೋಗದೆ ನೇರ ಶಂಕ್ರವ್ವನ ಅಂಗಳಕ್ಕೆ ಹೋದಳು. ನಡದ ಮೇಲೆ ಕೈ ಇಟ್ಟಳು. "ಏರಿದೆ. ತುತ್ತತುದಿಗೆ ನಿಂತ ನೋಡಿದೆ. ಕೌಜಲಗಿ ಕಾಣೂದಿಲ್ಲ, ಗಿಡಾ ಕಾಣೂದಿಲ್ಲ, ಏನೂ ಕಾಣೂದಿಲ್ಲ. ಸುಳ್ಳಿ!"

ಶಂಕ್ರವ್ವ ಜೋಳ ಕೇರುವುದನ್ನು ನಿಲ್ಲಿಸಲಿಲ್ಲ. "ಎಷ್ಟ ಸುತ್ತ ಆತು ನಿಂದು?"

"ಏಳ."

"ಹೌದನು? ಏಳಕ್ಕ ಎಲ್ಲಿ ಕಾಣಬೇಕವಾ. ಕಣ್ಣಿಗೆ ರೂಢಿ ಆಗಬೇಕಲ್ಲ. ನನಗ ಕಂಡಿದ್ದು ಹನ್ನೆರಡನೇ ಸುತ್ತಿಗೆ."

ಕೆಂಪವ್ವನ ಜೀವಮಾನದಲ್ಲಿ ಅವಳ ಬಾಯಿ ಕಟ್ಟಿದ್ದು ಅದೊಂದೇ ಸಲ.

ಮುಂದಿನ ವರ್ಷ ಗೋಕಾಕಕ್ಕೆ ತೊಟ್ಟಿಲು ಬರಲಿಲ್ಲ. ಅದರ ಮುಂದಿನ ವರ್ಷ ಮೂಡಲಗಿಯ ಸಂತೆ ಬಯಲಿಗೆ ಒಂದು ಬಂದಿತ್ತು. ಕೆಂಪವ್ವ ನಡೆದು ಹೋಗಿ ನೋಡಿದರೆ ಗಾಲಿ ಅದೇ, ಯಜಮಾನ ಬೇರೆ. ಎಣ್ಣೆ ಎಂಜಿನ್ನು ಬಂದಿತ್ತು. "ಹಳೇ ಬಾಕಿ ಹಳೇ ಮಾಲಕನ್ನ ಕೇಳು," ಎಂದ ಅವನು. ಹಳೇ ಮಾಲಕ ಸಿಕ್ಕಿದ್ದು ಹುಕ್ಕೇರಿಯಲ್ಲಿ, ೧೯೬೨ರಲ್ಲಿ, ಕಬ್ಬು ಕಡಿಯಲು ಹೋದಾಗ. ರಾಜಪ್ಪ ಬಸ್ ನಿಲ್ದಾಣದ ಹತ್ತಿರ ಭಜಿ ಕರಿಯುತ್ತಿದ್ದ. ಅವಳನ್ನು ಕಂಡು ಝಾರಾ ಸೌಟು ಕೆಳಗಿಟ್ಟ.

"ತೊಟ್ಟಲಾ ಮಾರಿದೆ ಬಾಯಿ. ಐದ ಸುತ್ತ ಎಲ್ಲಿಂದ ತರ್ಲಿ? ಐದ ಭಜಿ ತಿನ್ನು."

"ನಾ ಉಸುಕ ಹೊತ್ತದ್ದು ಭಜಿಗಲ್ಲ."

"ಹತ್ತ ತಿನ್ನು."

"ನೂರ ತಿಂದ್ರೂ ಬೇವಿನ ಗಿಡಾ ಕಾಣೂದಿಲ್ಲ," ಎಂದು ಹೊರಟುಬಂದಳು.

ಕಾಡವ್ವ ಹೋಗಿ ಬಹಳ ವರ್ಷವಾಯಿತು. ಉದ್ದಪ್ಪ ಈಗಲೂ ಎತ್ತರದ ಕಟ್ಟೆಯ ಮೇಲೆ ಕೂಡುವುದಿಲ್ಲ. ಕೆಂಪವ್ವನಿಗೆ ಹಲ್ಲು ಮೂರು ಉಳಿದಿವೆ, ಬಾಯಿ ಪೂರ್ತಿ ಉಳಿದಿದೆ. ಶಂಕ್ರವ್ವನೂ ಗಟ್ಟಿಯಾಗಿದ್ದಾಳೆ, ಸಂಜೆ ಕಟ್ಟೆಗೆ ಬಂದು ಕುಳಿತು, ಕೇಳಿದರೂ ಕೇಳದಿದ್ದರೂ, "ಹನ್ನೆರಡನೇದಕ್ಕ," ಎನ್ನುತ್ತಾಳೆ.

ಈಗ ಲೆಕ್ಕಕ್ಕೆ ಬರೋಣ. ಓದಿ ನಕ್ಕಿರಿ, ಒಳ್ಳೆಯದು. ನಿಮ್ಮೂರಿಗೂ ವರ್ಷಕ್ಕೊಮ್ಮೆ ತೊಟ್ಟಿಲು ಬರುತ್ತದೆ. ನೀವೂ ಮಕ್ಕಳನ್ನು ಕೂಡಿಸಿಕೊಂಡು ತಿರುಗುತ್ತೀರಿ. ಅದರ ಬುಡದ ನೆಲ ಸಮ ಮಾಡಿದವರು, ಉಸುಕು ಹೊತ್ತವರು ಯಾರೆಂದು ಒಂದು ದಿನವೂ ಕೇಳಿಲ್ಲ. ಈ ಸಲ ಕೇಳಬೇಡಿ, ಮಾಡಿ. ಕೌಜಲಗಿಯ ಬಸ್ಸು ಹತ್ತಿ, ಬೇವಿನ ಗಿಡದ ಕಟ್ಟೆ ಎಲ್ಲಿ ಎಂದು ಕೇಳಿ, ಕೆಂಪವ್ವನನ್ನು ಕರೆದುಕೊಂಡು ಹೋಗಿ ತೊಟ್ಟಿಲಲ್ಲಿ ಕೂಡಿಸಿ. ಹಗಲು ಹೊತ್ತಿನಲ್ಲಿ. ಎದುರಿನ ಪೆಟ್ಟಿಗೆಗೆ ಸಮ ತೂಕ ಇಡಿ. ಐದು ಸುತ್ತು ತಿರುಗಿಸಿ. ಆರು ಕೊಟ್ಟರೆ ದಾನವಾಗುತ್ತದೆ, ಅವಳು ಕೂಡಲಿಕ್ಕಿಲ್ಲ. ನಾಲ್ಕು ಕೊಟ್ಟರೆ ನೀವು ಇನ್ನೊಬ್ಬ ರಾಜಪ್ಪ. ಐದು. ಶಂಕ್ರವ್ವ ಸಾಯುವುದರೊಳಗೆ. ಯಾವ ವಾರ ಬರುತ್ತೀರಿ, ಹೇಳಿ.